ಜೋಳದ ಹೊಲದಲ್ಲಿ ಒಂದೇ ರಾತ್ರಿ ನಾಲ್ಕು ಮರಿ ಹೋದವು, ಏನಿದು? ತಿಳಿದವರು ಹೇಳಿ

ಸಿಂದಗಿ ಕುರಿಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂದಗಿ ತಾಲೂಕು. ಅಪ್ಪ ಕುರಿ ಕಾಯುತ್ತಾರೆ. ನಾನು ಡಿಗ್ರಿ ಮುಗಿಸಿ ಈಗ ಅವರ ಜೊತೆಗೇ ಇದ್ದೇನೆ. ಡೆಕ್ಕನಿ ಕುರಿ, ಮರಿ ಎಲ್ಲ ಸೇರಿ ಎಂಬತ್ತರ ಹತ್ತಿರ ಇವೆ.

ಹೋದ ವಾರ ಪಕ್ಕದ ಊರಿನವರೊಬ್ಬರು ಹೊಲದಲ್ಲಿ ಕುರಿ ತರುಬಲು, ಅಂದರೆ ಗೊಬ್ಬರಕ್ಕಾಗಿ ರಾತ್ರಿ ಹಿಂಡನ್ನು ಬಲೆಯೊಳಗೆ ನಿಲ್ಲಿಸಲು, ಕರೆದರು. ಎರಿ ಹೊಲ. ಬಿಳಿಜೋಳ ಕಿತ್ತು, ತೆನೆ ಮುರಿದು ರಾಶಿಗೆ ಒಯ್ದಿದ್ದರು. ಉದುರಿದ ತೆನೆ ಈ ಸಲ ಜಾಸ್ತಿಯೇ ಇದ್ದವು. ಮರಿಗಳು ಮೈ ಹಿಡಿಯಲಿ ಅಂತ ಅಪ್ಪ ಹಾಗೇ ಬಿಟ್ಟರು. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ರಾತ್ರಿ ಕಳೆದು ಬೆಳಗಾದಾಗ ಬಲೆಯೊಳಗೆ ನಾಲ್ಕು ಮರಿ ಸತ್ತು ಬಿದ್ದಿದ್ದವು.

ಒಂದನ್ನು ಹತ್ತಿರ ಕೂತು ನೋಡಿದೆ. ಮೂರು ತಿಂಗಳ ಟಗರು ಮರಿ. ಕುತ್ತಿಗೆ ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಕಾಲು ಬಡಿದ ಜಾಗದಲ್ಲಿ ಮಣ್ಣು ಅರ್ಧಚಂದ್ರದ ಹಾಗೆ ಕೆರೆದು ಹೋಗಿತ್ತು. ರಾತ್ರಿ ಒಂದು ಸದ್ದೂ ಕೇಳಿಸಿರಲಿಲ್ಲ.

ಸತ್ತ ನಾಲ್ಕೂ ಹಿಂಡಿನಲ್ಲೇ ಚೆಂದದ ಮರಿಗಳು. ತಾಯಿ ಹಾಲು ಸಾಲದೆ ನಾವು ಬಾಟಲಿ ಹಾಲು ಕುಡಿಸಿ ಉಳಿಸಿಕೊಂಡ ಬಡಕಲು ಮರಿ ಒಂದಿದೆ. ಅದು ಆರಾಮಾಗಿ ಓಡಾಡುತ್ತಿದೆ. ನನಗೆ ಅರ್ಥವಾಗದೇ ಇರುವುದು ಇದೇ. ಅಜ್ಜಿ ದೃಷ್ಟಿ ತಾಗಿದೆ ಅನ್ನುತ್ತಾರೆ. ಚಿಕ್ಕಪ್ಪ ಹಾವು ಅನ್ನುತ್ತಾರೆ. ಇನ್ನೊಬ್ಬರು ಹೊಲಕ್ಕೆ ಎಣ್ಣೆ (ಕೀಟನಾಶಕ) ಹೊಡೆದಿರಬೇಕು ಅಂದರು. ಆ ಹೊಲದವರ ಜೊತೆ ಸುಮ್ನೆ ಜಗಳ ಆಗುವುದು ನನಗೆ ಬೇಡ.

ಇನ್ನೊಂದು ಮಾತು. ತಂಗಿ ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಅವಳ ಒಂಬತ್ತು ತಿಂಗಳ ಮಗುವಿಗೆ ಅದೇ ದಿನದಿಂದ ಭೇದಿ ಶುರುವಾಗಿದೆ. ಕುರಿಯಿಂದ ಬಂತಾ? ಅಜ್ಜಿ ಮರಿಗಳನ್ನು ಕೂಸಿನಿಂದ ದೂರ ಇಡಿ ಅನ್ನುತ್ತಾರೆ.

ಪಶುವೈದ್ಯೆ, ಬೈಲಹೊಂಗಲ

ತಮ್ಮಾ, ಮೊದಲು ಮಗುವಿನ ಮಾತು. ಓಆರ್‌ಎಸ್ ಶುರು ಮಾಡಿದ್ದೀರಾ? ಇಲ್ಲ ಅಂದರೆ ಈಗಲೇ ಮಾಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತೋರಿಸಿ. ಮಗು ಮಂಕಾಗಿದ್ದರೆ, ಕಣ್ಣು ಒಳಗೆ ಹೋಗಿದ್ದರೆ, ಉಚ್ಚೆ ಹೋಗುವುದು ಕಡಿಮೆಯಾಗಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಒಂದು ಗಂಟೆಯೂ ಕಾಯಬೇಡಿ.

ಈಗ ಮರಿಗಳು. ನೋಡದೆ ಖಚಿತವಾಗಿ ಹೇಳಲಾರೆ. ಆದರೆ ನೀನು ಬರೆದದ್ದು ಓದಿದ ಕೂಡಲೇ ನೆನಪಾಗಿದ್ದು ಕರುಳು ಬೇನೆ. ನಾವು ಈಟಿ ಅನ್ನುತ್ತೇವೆ, ಎಂಟೆರೋಟಾಕ್ಸೀಮಿಯಾ. ದೃಷ್ಟಿಯೂ ಅಲ್ಲ, ಹಾವೂ ಅಲ್ಲ, ಎಣ್ಣೆಯೂ ಇರಲಿಕ್ಕಿಲ್ಲ. ಅವುಗಳನ್ನು ಕೊಂದದ್ದು ಅವುಗಳ ಕರುಳಿನಲ್ಲೇ ಮೊದಲಿನಿಂದ ಇದ್ದ ಒಂದು ಬ್ಯಾಕ್ಟೀರಿಯಾ ಇರಬೇಕು. ಹೆಸರು ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್, ಅದರಲ್ಲಿ ಡಿ ಬಗೆ.

ಆರೋಗ್ಯವಾಗಿರುವ ಕುರಿಯ ಕರುಳಿನಲ್ಲೂ ಇದು ಸ್ವಲ್ಪ ಇರುತ್ತದೆ. ಮಣ್ಣಿನಲ್ಲೂ ಇರುತ್ತದೆ. ಹುಲ್ಲು, ಹೊಟ್ಟು ತಿನ್ನುವ ತನಕ ಅದಕ್ಕೆ ಹೆಚ್ಚು ಆಹಾರ ಸಿಗುವುದಿಲ್ಲ, ಕರುಳು ಮುಂದಕ್ಕೆ ತಳ್ಳುತ್ತಾ ಇರುತ್ತದೆ, ಅದು ಹಿಕ್ಕಿಯ ಜೊತೆ ಹೊರಗೆ ಹೋಗುತ್ತಾ ಇರುತ್ತದೆ. ಒಮ್ಮೆಲೇ ಹೊಟ್ಟೆ ತುಂಬ ಜೋಳ ಬಿದ್ದರೆ ಲೆಕ್ಕ ತಪ್ಪುತ್ತದೆ. ದೊಡ್ಡ ಹೊಟ್ಟೆಯಲ್ಲಿ, ಅಂದರೆ ತಿಂದ ಮೇವು ಮೊದಲು ಸೇರುವ ಹೊಟ್ಟೆಯಲ್ಲಿ, ಪೂರ್ತಿ ಜೀರ್ಣವಾಗದ ಹಿಟ್ಟಿನಂಶ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾಯುತ್ತಾ ಇರುವ ಈ ಬ್ಯಾಕ್ಟೀರಿಯಾಕ್ಕೆ ಅದೇ ಹಬ್ಬ. ಬೆಳೆಯುವ ವೇಗದಲ್ಲಿ ಇದನ್ನು ಮೀರಿಸುವಂಥವು ಕಡಿಮೆ. ಎಲ್ಲ ಅನುಕೂಲ ಸಿಕ್ಕರೆ 10 ನಿಮಿಷದ ಆಸುಪಾಸಿನಲ್ಲಿ ಒಂದು ಎರಡಾಗುತ್ತದೆ. ಹಾಗೇ ಐದು ಗಂಟೆ ನಡೆದರೆ ಒಂದರಿಂದ ನೂರು ಕೋಟಿ ದಾಟುತ್ತದೆ. ಕರುಳಿನೊಳಗೆ ಅಷ್ಟು ಅನುಕೂಲ ಇರುವುದಿಲ್ಲ, ಆದರೂ ಒಂದು ರಾತ್ರಿ ಸಾಕು.

ಅದು ಉಗುಳುವ ವಿಷದ ಹೆಸರು ಎಪ್ಸಿಲಾನ್. ಕರುಳಿನ ಗೋಡೆ ದಾಟಿ ರಕ್ತಕ್ಕೆ ಸೇರಿ ಮಿದುಳಿನ ಸಣ್ಣ ರಕ್ತನಾಳಗಳನ್ನು ಸೋರುವಂತೆ ಮಾಡುತ್ತದೆ. ಕುತ್ತಿಗೆ ಹಿಂದಕ್ಕೆ ಬಾಗಿದ್ದು, ಕಾಲು ಬಡಿದದ್ದು ಅದಕ್ಕೇ. ರೋಗ ಶುರುವಾಗುವುದು ಕರುಳಿನಲ್ಲಿ, ಸಾವು ಬರುವುದು ಮಿದುಳಿನಿಂದ.

ಚೆಂದದ ಮರಿಗಳೇ ಯಾಕೆ ಅಂದೆಯಲ್ವಾ. ಅವು ಗಟ್ಟಿ. ಮುನ್ನುಗ್ಗಿ, ಉಳಿದವನ್ನು ತಳ್ಳಿ ಜಾಸ್ತಿ ತೆನೆ ತಿಂದವು ಅವೇ. ಬಡಕಲು ಮರಿಗೆ ತೆನೆ ಸಿಕ್ಕಿರಲಿಕ್ಕಿಲ್ಲ.

ಲಸಿಕೆ ಯಾವಾಗ ಹಾಕಿಸಿದ್ದಿರಿ?

ಸಿಂದಗಿ ಕುರಿಗಾರ

ಮೇಡಂ, ಓದಿ ಅಪ್ಪನಿಗೂ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಊರಿಗೆ ಲಸಿಕೆ ಬಂದಾಗ ನಾವು ಕುರಿ ಹೊಡೆದುಕೊಂಡು ಕೃಷ್ಣಾ ದಂಡೆ ಕಡೆ ಹೋಗಿದ್ದೆವು. ವಾಪಸ್ ಬಂದ ಮೇಲೆ ಕೇಳಲೇ ಇಲ್ಲ. ಈ ಮರಿಗಳು ಆಮೇಲೆ ಹುಟ್ಟಿದವು.

ಇವತ್ತು ಬೆಳಗ್ಗೆ ಐದನೆಯದು ಹೋಯಿತು. ಎಲ್ಲ ಮರಿಗಳಿಗೂ ಆಂಟಿಬಯೋಟಿಕ್ ಕುಡಿಸಿಬಿಡಲಾ? ಆ ಬ್ಯಾಕ್ಟೀರಿಯಾನೇ ಸತ್ತರೆ ಮುಗಿಯಿತಲ್ವಾ?

ಪಶುವೈದ್ಯೆ, ಬೈಲಹೊಂಗಲ

ಬೇಡ. ಕೈ ಮುಗಿದು ಹೇಳುತ್ತೇನೆ, ಕುಡಿಸಬೇಡ. ಕುರಿಯ ದೊಡ್ಡ ಹೊಟ್ಟೆ ನಡೆಯುವುದೇ ಸೂಕ್ಷ್ಮಜೀವಿಗಳಿಂದ. ಹುಲ್ಲಿನ ನಾರನ್ನು ಕುರಿ ತಾನೇ ಅರಗಿಸಿಕೊಳ್ಳಲಾರದು, ಅವು ಅರಗಿಸಿ ಕೊಡುತ್ತವೆ. ಬಾಯಿಂದ ಮನಸ್ಸಿಗೆ ಬಂದಂತೆ ಆಂಟಿಬಯೋಟಿಕ್ ಹೋದರೆ ಮೊದಲು ಸಾಯುವುದು ಅವೇ. ಮೇಯುವುದು ಬಿಟ್ಟ ಕುರಿಯನ್ನು ಆಮೇಲೆ ನೀನೇ ನನ್ನ ಹತ್ತಿರ ತರುತ್ತೀಯ.

ಮೊದಲು ಹಿಂಡನ್ನು ಆ ಹೊಲದಿಂದ ಹೊರಗೆ ಹೊಡೆ. ಇವತ್ತೇ. ಒಣ ಕಣಿಕಿ (ಜೋಳದ ದಂಟು), ತೊಗರಿ ಹೊಟ್ಟು ಹಾಕು. ಐದನೇ ಮರಿಯನ್ನು ಹೂಳುವ ಮೊದಲು ನಿಮ್ಮ ಪಶು ಆಸ್ಪತ್ರೆಗೆ ಫೋನ್ ಮಾಡು. ಆದರೆ ಒಂದು ಎಚ್ಚರ: ಮೂಗು, ಬಾಯಿ, ಹಿಂಭಾಗದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ ಯಾರೂ ಮುಟ್ಟಬೇಡಿ, ಕೊಯ್ಯಲೇಬೇಡಿ. ಅದು ಆಂಥ್ರಾಕ್ಸ್ ಇರಬಹುದು. ಅದು ಮನುಷ್ಯರಿಗೂ ಬರುತ್ತದೆ. ಸತ್ತ ಮರಿಯನ್ನು ನಾಯಿಗೆ ಹಾಕಬೇಡಿ, ಮಾಂಸಕ್ಕೂ ಕೊಡಬೇಡಿ.

ರಕ್ತ ಇಲ್ಲದಿದ್ದರೆ ಡಾಕ್ಟರ್ ಕೊಯ್ದು ನೋಡಲಿ. ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಬಿಗಿದು, ಐಸ್ ಮೇಲೆ ಇಟ್ಟು ಪರೀಕ್ಷೆಗೆ ಕಳಿಸುತ್ತಾರೆ. ತಡವಾದರೆ ವಿಷ ಒಡೆದು ಹೋಗುತ್ತದೆ, ಏನೂ ಸಿಗುವುದಿಲ್ಲ.

ಬಾದಾಮಿ ಕಾಕಾ

ತಮ್ಮಾ, ನಾನು ಅರವತ್ತು ದಾಟಿದವನು, ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. ನಮ್ಮಪ್ಪ ಜೋಳದ ಹೊಲಕ್ಕೆ ಹಸಿದ ಕುರಿ ಬಿಡುತ್ತಿರಲಿಲ್ಲ. ಮೊದಲು ಗುಡ್ಡದ ಕಡೆ ಹೊಡೆದು ಒಣ ಹುಲ್ಲು ಮೇಯಿಸಿ, ನೀರು ಕುಡಿಸಿ, ಆಮೇಲೆ ಇಳಿಸಂಜೆಗೆ ಹೊಲಕ್ಕೆ. ಅದೂ ಮೊದಲ ದಿನ ಒಂದು ಬೀಡಿ ಸೇದುವಷ್ಟು ಹೊತ್ತು. ಮರುದಿನ ಸ್ವಲ್ಪ ಜಾಸ್ತಿ. ಬ್ಯಾಕ್ಟೀರಿಯಾ ಅಂತ ಅವರಿಗೆ ಗೊತ್ತಿರಲಿಲ್ಲ. "ಹೊಟ್ಟಿಗೆ ರೂಢಿ ಮಾಡಸ್ಬೇಕು" ಅನ್ನುತ್ತಿದ್ದರು. ಮೊದಲ ಮಳೆಯ ಎಳೇ ಹುಲ್ಲಿಗೂ ಇದೇ ಲೆಕ್ಕ.

ಡಾಕ್ಟರ್ ಬಾಯಿ, ನಮ್ಮಪ್ಪ ಹೇಳಿದ್ದು ಸರಿಯೇನು?

ಪಶುವೈದ್ಯೆ, ಬೈಲಹೊಂಗಲ

ಕಾಕಾ, ನೂರಕ್ಕೆ ನೂರು ಸರಿ. ನಮಗೆ ಕಾಲೇಜಿನಲ್ಲಿ ಕಲಿಸುವುದೂ ಅದನ್ನೇ. ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಹೊಸ ಮೇವಿಗೆ ಹೊಂದಿಕೊಳ್ಳಲು ಎರಡು ವಾರದಷ್ಟು ಸಮಯ ಬೇಕು.

ಮುದ್ದೇಬಿಹಾಳ ರೈತ

ನಾನು ಪ್ರತಿ ವರ್ಷ ಹೊಲದಲ್ಲಿ ಕುರಿ ತರುಬಿಸುತ್ತೇನೆ. ಹಿಕ್ಕಿ ಗೊಬ್ಬರಕ್ಕೆ ಸಮ ಯಾವುದೂ ಇಲ್ಲ. ಇದನ್ನೆಲ್ಲ ಓದಿದರೆ ನಮ್ಮ ಜೋಳವೇ ವಿಷ ಅನ್ನುವ ಹಾಗಿದೆ. ನಾವೂ ಮೂರು ಹೊತ್ತು ಜೋಳದ ರೊಟ್ಟಿ ತಿನ್ನುತ್ತೇವಲ್ಲ, ನಮಗೇನೂ ಆಗಿಲ್ಲ. ನಾಳೆ ಕುರಿಗಾರರು ನಮ್ಮ ಹೊಲಕ್ಕೆ ಬರುವುದೇ ಬಿಟ್ಟರೆ?

ಪಶುವೈದ್ಯೆ, ಬೈಲಹೊಂಗಲ

ಅಣ್ಣಾ, ಜೋಳ ವಿಷ ಅಲ್ಲ. ಒಮ್ಮೆಲೇ ಜಾಸ್ತಿ ಆಗುವುದು, ಲಸಿಕೆ ಇಲ್ಲದೇ ಇರುವುದು, ಇವೆರಡೂ ಕೂಡಿದಾಗ ಮರಿ ಸಾಯುತ್ತದೆ. ನಮ್ಮ ಹೊಟ್ಟೆಯ ರಚನೆ ಬೇರೆ. ಜೋಳದ ಹಿಟ್ಟು ಬಹುಪಾಲು ನಮ್ಮ ಸಣ್ಣ ಕರುಳಿನಲ್ಲೇ ಅರಗುತ್ತದೆ. ಉಳಿದ ನಾರು ಮತ್ತು ಅರಗದ ಹಿಟ್ಟು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುಳಿಸಿ ಬ್ಯುಟಿರೇಟ್ ಅನ್ನುವ ಆಮ್ಲ ಮಾಡುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ ಅದೇ. ರೊಟ್ಟಿ ಧಾರಾಳವಾಗಿ ತಿನ್ನಿ.

ಇನ್ನೊಂದು ವ್ಯತ್ಯಾಸ ಕುರಿಗಾರರಿಗೂ ಉಪಯೋಗಕ್ಕೆ ಬರುತ್ತದೆ. ಜೋಳ ಜಾಸ್ತಿ ತಿಂದರೆ ಕರುಳು ಬೇನೆ ಒಂದೇ ಅಲ್ಲ, ಹೊಟ್ಟೆ ಹುಳಿಯಾಗುವುದೂ ಇದೆ, ಅಸಿಡೋಸಿಸ್. ಅದು ದೊಡ್ಡ ಕುರಿಗೂ ಬರುತ್ತದೆ. ಮೇಯುವುದು ಬಿಟ್ಟು, ಹಲ್ಲು ಕಡಿಯುತ್ತಾ, ತೂರಾಡುತ್ತಾ ಒಂದೆರಡು ದಿನ ನರಳುತ್ತದೆ. ಭೇದಿ ಹುಳಿ ವಾಸನೆ ಬರುತ್ತದೆ. ಅದರಲ್ಲಿ ಚಿಕಿತ್ಸೆಗೆ ಸಮಯ ಸಿಗುತ್ತದೆ, ಡಾಕ್ಟರ್ ಬಂದು ಅಡುಗೆ ಸೋಡಾ ಕೊಟ್ಟು ಹುಳಿ ಇಳಿಸುತ್ತಾರೆ. ಕರುಳು ಬೇನೆಯಲ್ಲಿ ಆ ಸಮಯವೇ ಸಿಗುವುದಿಲ್ಲ.

ಸೂಕ್ಷ್ಮಜೀವಿ ವಿದ್ಯಾರ್ಥಿ, ಬೆಳಗಾವಿ

ಮೇಡಂ, ನಾನು ಇಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಎಪ್ಸಿಲಾನ್ ಬಗ್ಗೆ ಒಂದು ಮಾತು ಸೇರಿಸಲೇಬೇಕು ಅನ್ನಿಸಿತು.

ಬ್ಯಾಕ್ಟೀರಿಯಾ ಉಗುಳುವಾಗ ಈ ವಿಷ ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಅದನ್ನು ಎಬ್ಬಿಸುವುದು ಟ್ರಿಪ್ಸಿನ್. ಅಂದರೆ ಕುರಿ ತನ್ನ ಆಹಾರದ ಪ್ರೋಟೀನ್ ಒಡೆಯಲು ತಾನೇ ತಯಾರಿಸುವ ಜೀರ್ಣರಸ. ಅದು ವಿಷದ ಒಂದು ತುದಿ ಕತ್ತರಿಸಿದ ಕೂಡಲೇ ವಿಷದ ಶಕ್ತಿ ಸಾವಿರ ಪಟ್ಟಿನಷ್ಟು ಏರುತ್ತದೆ. ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದೇ ಬ್ಯಾಕ್ಟೀರಿಯಾದ ಸಿ ಬಗೆಯಲ್ಲಿ ಲೆಕ್ಕ ತಿರುಗಾ ಮುರುಗಾ. ಅದರ ಮುಖ್ಯ ವಿಷ ಬೀಟಾ. ಅದನ್ನು ಟ್ರಿಪ್ಸಿನ್ ಕೊಲ್ಲುತ್ತದೆ. ಪಪುವಾ ನ್ಯೂಗಿನಿಯ ಬೆಟ್ಟದ ಊರುಗಳಲ್ಲಿ ಹಂದಿ ಮಾಂಸದ ದೊಡ್ಡ ಊಟ ನಡೆದ ಮೇಲೆ ಮಕ್ಕಳ ಕರುಳು ಕೊಳೆತು ಸಾಯುತ್ತಿದ್ದರು. ಪಿಗ್‌ಬೆಲ್ ಅಂತ ಹೆಸರು. ಅಲ್ಲಿನವರ ದಿನದ ಊಟ ಗೆಣಸು. ಗೆಣಸಿನಲ್ಲಿ ಟ್ರಿಪ್ಸಿನ್ ತಡೆಯುವ ಅಂಶ ಇದೆ. ವರ್ಷವಿಡೀ ಪ್ರೋಟೀನ್ ಕಡಿಮೆ ತಿಂದ ಮಕ್ಕಳಲ್ಲಿ ಟ್ರಿಪ್ಸಿನ್ನೇ ಕಡಿಮೆ. ಅಂಥ ಹೊಟ್ಟೆಗೆ ಒಮ್ಮೆಲೇ ಅಷ್ಟು ಮಾಂಸ, ಜೊತೆಗೆ ಈ ಬ್ಯಾಕ್ಟೀರಿಯಾ. ವಿಷವನ್ನು ಒಡೆಯುವವರು ಯಾರೂ ಇಲ್ಲ. 1980ರ ದಶಕದಲ್ಲಿ ಮಕ್ಕಳಿಗೆ ಬೀಟಾ ವಿಷದ ವಿರುದ್ಧ ಲಸಿಕೆ ಹಾಕಿದ ಮೇಲೆ ರೋಗ ತುಂಬಾ ಇಳಿಯಿತು.

ಹುಟ್ಟಿದ ಒಂದೆರಡು ದಿನಕ್ಕೇ ಕುರಿಮರಿ, ಹಂದಿಮರಿ ಸಾಯಲು ಕಾರಣವಾಗುವುದೂ ಈ ಸಿ ಬಗೆಯೇ. ಗಿಣ್ಣದ ಹಾಲಿನಲ್ಲೂ ಟ್ರಿಪ್ಸಿನ್ ತಡೆಯುವ ಅಂಶ ಇರುತ್ತದೆ. ತಾಯಿ ಕೊಡುವ ರಕ್ಷಕ ಪ್ರೋಟೀನುಗಳು ಮರಿಯ ಹೊಟ್ಟೆಯಲ್ಲಿ ಒಡೆದು ಹೋಗದಿರಲಿ ಅಂತ ಅದು ಇರುವುದು. ಆ ಸಂದಿಯಲ್ಲೇ ಬೀಟಾ ನುಸುಳುತ್ತದೆ.

ಬಾದಾಮಿ ಕಾಕಾ

ಹಾಗಂತ ಗಿಣ್ಣದ ಹಾಲು ಕೊಡಬಾರದಾ?

ಪಶುವೈದ್ಯೆ, ಬೈಲಹೊಂಗಲ

ಕೊಡಲೇಬೇಕು ಕಾಕಾ! ಹುಟ್ಟಿದ ಮೊದಲ ಕೆಲವು ಗಂಟೆಯೊಳಗೇ. ಗಬ್ಬದ ಕುರಿಗೆ ಈಯುವ ನಾಲ್ಕರಿಂದ ಆರು ವಾರ ಮೊದಲು ಲಸಿಕೆ ಹಾಕಿಸಿದ್ದರೆ ರಕ್ಷಣೆ ಆ ಹಾಲಿನಲ್ಲೇ ಮರಿಗೆ ಇಳಿಯುತ್ತದೆ.

ಆಶಾ ಅಕ್ಕ, ಹುನಗುಂದ

ಎಲ್ಲರೂ ಕುರಿ ಬಗ್ಗೆ ಬರೆಯುತ್ತಿದ್ದೀರಿ. ತಮ್ಮಾ, ಮಗು ಹೇಗಿದೆ? ಓಆರ್‌ಎಸ್ ಹೇಗೆ ಕಲಸುತ್ತಿದ್ದೀರಿ, ಅದನ್ನು ಬರಿ.

ಸಿಂದಗಿ ಕುರಿಗಾರ

ಅಕ್ಕಾ, ಒಬ್ಬರ ಹತ್ತಿರ ತೋರಿಸಿದೆವು. ಒಂದು ಇಂಜೆಕ್ಷನ್, ಎರಡು ಬಾಟಲಿ ಔಷಧ ಕೊಟ್ಟರು. ಓಆರ್‌ಎಸ್ ಮಾತೇ ಎತ್ತಲಿಲ್ಲ. ಮೇಡಂ ಹೇಳಿದ ಮೇಲೆ ನಾನೇ ಪೊಟ್ಟಣ ತಂದೆ. ತಂಗಿ ಒಂದು ಲೋಟ ನೀರಿಗೆ ಅರ್ಧ ಪೊಟ್ಟಣ ಹಾಕಿದ್ದಳು. ಗಟ್ಟಿ ಇದ್ದರೆ ಶಕ್ತಿ ಜಾಸ್ತಿ ಬರುತ್ತದೆ ಅಂತ.

ಆಶಾ ಅಕ್ಕ, ಹುನಗುಂದ

ಅಯ್ಯೋ, ಚೆಲ್ಲಿಬಿಡಿ. ನಾನು ಹೋದ ಮನೆಮನೆಯಲ್ಲೂ ಇದೇ ತಪ್ಪು ನೋಡುತ್ತೇನೆ. 20.5 ಗ್ರಾಂನ ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಕುದಿಸಿ ಆರಿಸಿದ ನೀರು. ಪೂರ್ತಿ ಪೊಟ್ಟಣ ಒಂದೇ ಸಲ ಕಲಸಿ, ಮುಚ್ಚಿಡಿ, 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ ಹೊಸದು ಮಾಡಿ. ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ. ಎದೆಹಾಲು ನಿಲ್ಲಿಸಬೇಡಿ. ಝಿಂಕ್ ಮಾತ್ರೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಪೂರ್ತಿ ಕೊಡಿ.

ಗಟ್ಟಿ ಮಾಡಿದರೆ ಯಾಕೆ ತಪ್ಪು ಅಂತ ತರಬೇತಿಯಲ್ಲಿ ಕೇಳಿದ್ದೆ. ಕರುಳಿನ ಗೋಡೆಯಲ್ಲಿ ಒಂದು ಬಾಗಿಲು ಇದೆಯಂತೆ. ಉಪ್ಪು ಒಂದೇ ಬಂದರೂ ತೆರೆಯುವುದಿಲ್ಲ, ಗ್ಲೂಕೋಸ್ ಒಂದೇ ಬಂದರೂ ತೆರೆಯುವುದಿಲ್ಲ. ಎರಡೂ ಜೋಡಿಯಾಗಿ ಬಂದರೆ ಒಳಗೆ ಬಿಡುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. ಭೇದಿ ಜೋರಾಗಿದ್ದಾಗಲೂ ಈ ಬಾಗಿಲು ಕೆಲಸ ಮಾಡುತ್ತದೆ. ಆದರೆ ಸಕ್ಕರೆ, ಉಪ್ಪು ಜಾಸ್ತಿಯಾದರೆ ಮೈಯಲ್ಲಿದ್ದ ನೀರನ್ನೇ ಅದು ಕರುಳಿಗೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ.

ಅಂಗಡಿಯಲ್ಲಿ ಸಿಗುವ ಹಣ್ಣಿನ ರುಚಿಯ ಸಿಹಿ ಪೊಟ್ಟಣಗಳನ್ನು ಓಆರ್‌ಎಸ್ ಅಂದುಕೊಂಡು ಕೊಡಬೇಡಿ. ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದ ಬಳಸಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿದೆ.

ಮುದ್ದೇಬಿಹಾಳ ರೈತ

ನಮ್ಮ ಕಡೆ ಭೇದಿಗೆ ದಾಳಿಂಬೆ ಸಿಪ್ಪೆ ತೇಯ್ದು ಕೊಡುತ್ತಾರೆ. ಅದೂ ನಡೆಯುತ್ತದಲ್ವಾ?

ಆಶಾ ಅಕ್ಕ, ಹುನಗುಂದ

ಅಣ್ಣಾ, ದೊಡ್ಡವರ ಮಾತು ನಿಮ್ಮದು ನಿಮಗೆ. ಆದರೆ ಒಂಬತ್ತು ತಿಂಗಳ ಕೂಸಿಗೆ ಬೇಡ. ಮಗು ಸಾಯುವುದು ಮೈಯ ನೀರು, ಉಪ್ಪು ಖಾಲಿಯಾಗಿ. ಸಿಪ್ಪೆ ಅದನ್ನು ತುಂಬಿ ಕೊಡುವುದಿಲ್ಲ.

ಸೂಕ್ಷ್ಮಜೀವಿ ವಿದ್ಯಾರ್ಥಿ, ಬೆಳಗಾವಿ

ಅಕ್ಕ ಹೇಳಿದ ಬಾಗಿಲಿನ ಹಿಂದೆ ದೊಡ್ಡ ಕಥೆ ಇದೆ. ಕಾಲರಾದಲ್ಲಿ ಭೇದಿ ಯಾಕೆ ಆಗುತ್ತದೆ ಅಂತ ತೋರಿಸಿದವರು ಕೋಲ್ಕತ್ತಾದ ಶಂಭುನಾಥ್ ಡೇ. ಮೊಲದ ಕರುಳಿನ ಒಂದು ತುಂಡನ್ನು ಎರಡು ಕಡೆ ದಾರದಿಂದ ಬಿಗಿದು, ನಡುವೆ ಕಾಲರಾ ಬ್ಯಾಕ್ಟೀರಿಯಾ ಬಿಟ್ಟರು. ಆ ತುಂಡು ನೀರು ತುಂಬಿ ಉಬ್ಬಿತು. 1959ರಲ್ಲಿ ಬ್ಯಾಕ್ಟೀರಿಯಾವನ್ನೇ ಸೋಸಿ ತೆಗೆದು ಬರೀ ದ್ರವ ಬಿಟ್ಟರೂ ಹಾಗೇ ಉಬ್ಬುತ್ತದೆ ಅಂತ ತೋರಿಸಿದರು. ಅಂದರೆ ಕೆಲಸ ಮಾಡುವುದು ವಿಷ. ಮೇಡಂ ಕರುಳನ್ನು ಎರಡೂ ಕಡೆ ದಾರದಿಂದ ಬಿಗಿಯಬೇಕು ಅಂದಾಗ ನನಗೆ ಅವರದೇ ನೆನಪಾಯಿತು.

1971ರ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಸಾಲಲಿಲ್ಲ. ದಿಲೀಪ್ ಮಹಲನೋಬಿಸ್ ಅನ್ನುವ ಡಾಕ್ಟರ್ ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ ಲೆಕ್ಕದಲ್ಲಿ ಕಲಸಿ, ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ನೂರಕ್ಕೆ ಮೂವತ್ತರಷ್ಟು ಸಾಯುತ್ತಿದ್ದವರು ನಾಲ್ಕಕ್ಕಿಂತ ಕೆಳಗೆ ಇಳಿದರು.

ಕುರಿಯಿಂದ ಬಂತಾ ಅಂತ ಸಿಂದಗಿ ಅಣ್ಣ ಕೇಳಿದ್ದಕ್ಕೆ: ಎಪ್ಸಿಲಾನ್ ಮಗುವಿಗೆ ಭೇದಿ ಮಾಡುವ ವಿಷ ಅಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಭೇದಿಗೆ ದೊಡ್ಡ ಕಾರಣ ರೋಟಾವೈರಸ್. ಆದರೆ ಪ್ರಾಣಿ, ಮನುಷ್ಯ ಅನ್ನುವ ಗೆರೆ ರೋಟಾವೈರಸ್‌ಗೆ ಅಷ್ಟು ಗಟ್ಟಿಯಿಲ್ಲ. ಅದಕ್ಕೆ 11 ಜೀನ್ ತುಣುಕುಗಳು. ಬೆಂಗಳೂರಿನಲ್ಲಿ ಹಸುಗೂಸುಗಳಲ್ಲಿ ಸಿಕ್ಕ ಐ321 ಅನ್ನುವ ತಳಿಯಲ್ಲಿ 9 ತುಣುಕು ದನದ ವೈರಸ್ಸಿನವು, 2 ಮನುಷ್ಯರದ್ದು. ಆ ಕೂಸುಗಳಿಗೆ ಭೇದಿಯೇ ಇರಲಿಲ್ಲ! ದೆಹಲಿಯ ಏಮ್ಸ್‌ನಲ್ಲಿ ಸಿಕ್ಕ 116ಇ ತಳಿಯಲ್ಲೂ ಒಂದು ತುಣುಕು ದನದ್ದು. ಅದರಿಂದಲೇ ರೋಟಾವ್ಯಾಕ್ ಲಸಿಕೆ ಬಂತು, 2016ರಲ್ಲಿ ಸರ್ಕಾರದ ಲಸಿಕೆ ಪಟ್ಟಿಗೆ ಸೇರಿತು. ಮಗುವಿಗೆ 6, 10, 14 ವಾರದ ರೋಟಾ ಹನಿ ಹಾಕಿಸಿದ್ದೀರಾ ನೋಡಿ.

ಪಶುವೈದ್ಯೆ, ಬೈಲಹೊಂಗಲ

ಒಂದು ಮಾತು ಸೇರಿಸುತ್ತೇನೆ. ಭೇದಿ ಆಗುತ್ತಿರುವ ಮರಿ, ಕರುವಿನಿಂದ ಕ್ರಿಪ್ಟೋಸ್ಪೊರಿಡಿಯಮ್, ಸಾಲ್ಮೊನೆಲ್ಲಾ ಮಕ್ಕಳಿಗೆ ಬರಬಹುದು. ಹಟ್ಟಿಯಲ್ಲಿ ಕೆಲಸ ಮಾಡಿ ಬಂದವರು ಸೋಪು ಹಚ್ಚಿ ಕೈ ತೊಳೆದೇ ಕೂಸನ್ನು ಎತ್ತಿಕೊಳ್ಳಿ. ಅಜ್ಜಿ ಮರಿಗಳನ್ನು ದೂರ ಇಡಿ ಅಂದದ್ದು ತಪ್ಪಲ್ಲ.

ಸಿಂದಗಿ ಕುರಿಗಾರ

ನಾಲ್ಕು ದಿನ ಬರೆಯಲು ಆಗಲಿಲ್ಲ. ಎಲ್ಲ ಹೇಳುತ್ತೇನೆ.

ಮಗು ಆರಾಮಾಗಿದೆ. ಆರೋಗ್ಯ ಕೇಂದ್ರದಲ್ಲಿ ತೋರಿಸಿದೆವು. ಲೀಟರಿಗೆ ಒಂದು ಪೊಟ್ಟಣ ಹಾಕಿ ಕುಡಿಸಿದ ಮರುದಿನವೇ ಉಚ್ಚೆ ಸರಿಯಾಗಿ ಹೋಯಿತು. ಝಿಂಕ್ ನಡೆಯುತ್ತಿದೆ. ಕಾರ್ಡಿನಲ್ಲಿ ನೋಡಿದೆವು, ರೋಟಾ ಹನಿ ಎರಡೇ ಸಲ ಬಿದ್ದಿದೆ.

ಐದನೇ ಮರಿಯನ್ನು ಡಾಕ್ಟರ್ ಬಂದು ನನ್ನ ಎದುರಿಗೇ ಕೊಯ್ದರು. ರಕ್ತ ಸೋರಿರಲಿಲ್ಲ. ಹೃದಯದ ಸುತ್ತಲಿನ ಚೀಲದಲ್ಲಿ ಹಳದಿ ನೀರು ತುಂಬಿತ್ತು, ಅದರೊಳಗೆ ಲೋಳೆಯಂಥ ಹೆಪ್ಪು. ಮೂತ್ರಪಿಂಡ ಬೆರಳು ಇಟ್ಟರೆ ಒಳಗೆ ಹೋಗುವಷ್ಟು ಮೆತ್ತಗಿತ್ತು. ಆಮೇಲೆ ಅವರು ಉಚ್ಚೆ ಚೀಲದಿಂದ ಸಿರಿಂಜಿನಲ್ಲಿ ಸ್ವಲ್ಪ ಉಚ್ಚೆ ಎಳೆದು, ಸಕ್ಕರೆ ಕಾಯಿಲೆಯವರು ಬಳಸುವ ಪರೀಕ್ಷೆಯ ಪಟ್ಟಿಯ ಮೇಲೆ ಹನಿಸಿದರು. ಪಟ್ಟಿಯ ಬಣ್ಣ ಕಣ್ಣೆದುರೇ ತಿರುಗಿತು. ಉಚ್ಚೆಯಲ್ಲಿ ಸಕ್ಕರೆ. ಈ ವಿಷ ಏರಿದ ಕುರಿಯಲ್ಲಿ ಹೀಗಾಗುತ್ತದೆ, ಬಹುಪಾಲು ಕರುಳು ಬೇನೆಯೇ ಅಂದರು. ಅಪ್ಪ ಆ ಪಟ್ಟಿಯನ್ನು ತುಂಬಾ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದರು. ಕರುಳಿನ ತುಂಡು ಐಸ್ ಡಬ್ಬಿಯಲ್ಲಿ ಪರೀಕ್ಷೆಗೆ ಹೋಗಿದೆ.

ಆ ಹೊಲದವರಿಗೆ ನಾನೇ ಹೋಗಿ ಹೇಳಿ ಬಂದೆ, ನಿಮ್ಮ ತಪ್ಪಿಲ್ಲ ಅಂತ. ಅವರೂ ಎರಡು ದಿನದಿಂದ ಊಟ ಸರಿಯಾಗಿ ಮಾಡಿರಲಿಲ್ಲವಂತೆ.

ನಿನ್ನೆ ಎಲ್ಲವಕ್ಕೂ ಲಸಿಕೆ ಆಯಿತು. ಮರಿಗಳಿಗೆ 15 ದಿನ ಬಿಟ್ಟು ಇನ್ನೊಂದು. ಇದು ಹೆಬ್ಬಾಳದಲ್ಲಿ ತಯಾರಾಗುವ ಲಸಿಕೆ ಅಂದರು. ನಮ್ಮಲ್ಲಿ ಆರು ಆಡೂ ಇವೆ, ಅವಕ್ಕೂ ಇಷ್ಟೇನಾ ಮೇಡಂ?

ಪಶುವೈದ್ಯೆ, ಬೈಲಹೊಂಗಲ

ಆಡಿನಲ್ಲಿ ಈ ಲಸಿಕೆಯ ಬಲ ಬೇಗ ಇಳಿಯುತ್ತದೆ. ವರ್ಷಕ್ಕೆ ಒಂದು ಸಾಲದು, ಆರು ತಿಂಗಳಿಗೊಮ್ಮೆಯಾದರೂ ಹಾಕಿಸು. ಲಸಿಕೆ ಐಸ್ ಡಬ್ಬಿಯಲ್ಲಿ ಇರಬೇಕು, ಆದರೆ ಗಟ್ಟಿಯಾಗಿ ಹೆಪ್ಪುಗಟ್ಟಬಾರದು, ಹೆಪ್ಪುಗಟ್ಟಿದರೆ ಕೆಡುತ್ತದೆ. ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ. ಎರಡನೇ ಡೋಸ್ ಆಗಿ ಎರಡು ವಾರದ ತನಕ ಜೋಳದ ಹೊಲ ಬೇಡ.

ಮುದ್ದೇಬಿಹಾಳ ರೈತ

ತಮ್ಮಾ, ನಮ್ಮ ಹೊಲದಲ್ಲೂ ರಾಶಿ ಮುಗಿದಿದೆ. ಉದುರಿದ ತೆನೆ ಆರಿಸಲು ನಾಳೆ ನಾಲ್ಕು ಆಳು ಹಚ್ಚುತ್ತೇನೆ. ಎರಡನೇ ಸೂಜಿ ಆಗಿ, ಡಾಕ್ಟರ್ ಬಾಯಿ ಹೇಳಿದಷ್ಟು ದಿನ ಕಳೆದ ಮೇಲೆ ಹಿಂಡು ಹೊಡೆದುಕೊಂಡು ಬಾ. ಬೋರ್‌ವೆಲ್ ನೀರಿದೆ. ಕಣಿಕಿ ಬಣವೆ ಹೊಲದ ಬದುವಿನ ಮೇಲೇ ಇದೆ, ಮೊದಲು ಅದನ್ನು ಹಾಕಿದರಾಯಿತು.

ಸಿಂದಗಿ ಕುರಿಗಾರ

ಬರುತ್ತೇವೆ ಅಣ್ಣಾ. ಅಪ್ಪನಿಗೆ ಓದಿ ಹೇಳಿದೆ, ಹೂಂ ಅಂದರು. ಬಡಕಲು ಮರಿಗೂ ಸೂಜಿ ಆಗಿದೆ. ಲಸಿಕೆ ಆದವಕ್ಕೆಲ್ಲ ಬೆನ್ನ ಮೇಲೆ ಕೆಂಪು ಬಣ್ಣ ಹಚ್ಚಿದ್ದೇವೆ, ಯಾವುದೂ ತಪ್ಪಿಹೋಗದಿರಲಿ ಅಂತ.